ಕೇಳಿಸುವಂತೆ ಓದಿಸಿದ ವರ್ಷ

ಹೋದ ತಿಂಗಳು ಹೈದರಾಬಾದಿನ ನಾರಾಯಣಗೂಡದ ಒಂದು ಕಿವಿ ಆಸ್ಪತ್ರೆಯಲ್ಲಿ ನನ್ನನ್ನು ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿದರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಬೇಕೆಂದು ಪರೀಕ್ಷೆ ಮಾಡುವ ಹುಡುಗಿ ಸನ್ನೆ ಮಾಡಿ ತೋರಿಸಿದಳು. ನಾನು ಕಾದೆ. ಏನೂ ಕೇಳಲಿಲ್ಲ. ಇನ್ನೂ ಕಾದೆ. ಕೊನೆಗೆ ರೇಗಿ, "ನಿಮ್ಮ ಮಷೀನು ಕೆಟ್ಟೈತಿ, ಮೊದಲು ಅದನ್ನ ರಿಪೇರಿ ಮಾಡಿಸ್ರಿ" ಎಂದು ಕೂಗಿದೆ. ಗಾಜಿನಾಚೆ ಆ ಹುಡುಗಿ ನಗು ತಡೆದುಕೊಂಡದ್ದು ಕಾಣಿಸಿತು. ನನ್ನ ಹೆಂಡತಿ ಗೌರಮ್ಮ ನಗಲಿಲ್ಲ. ಅವಳು ನೆಲ ನೋಡುತ್ತಿದ್ದಳು.

ಹೊರಗೆ ಬಂದಾಗ ಕಾಲೇಜು ಬಿಡುವ ಹೊತ್ತು. ಬೆನ್ನಿಗೆ ಚೀಲ ಹೊತ್ತ ಹುಡುಗ ಹುಡುಗಿಯರು ರಸ್ತೆ ತುಂಬ ಹರಿದಿದ್ದರು. ಹದಿನಾರು ವರ್ಷದ ಮಕ್ಕಳ ಮುಖಗಳು ಎರಡು ಪಾಳಿ ಸೇರಿಸಿ ದುಡಿದವರ ಮುಖದಂತಿದ್ದವು. ಅವರ ನಡುವೆ ದಾರಿ ಸಿಗದೆ ನಾನು ಒಂದು ಜೆರಾಕ್ಸ್ ಅಂಗಡಿಯ ಮುಂದೆ ನಿಂತುಬಿಟ್ಟೆ. ಪಕ್ಕದ ಗಲ್ಲಿಯಲ್ಲೇ ನನ್ನ ಮೊಮ್ಮಗಳು ಚೈತ್ರಾ ಓದಿದ ಕಾಲೇಜು. ಓದಿದ ಎನ್ನುವುದೂ ತಪ್ಪು. ಒಂದು ವರ್ಷ ಓದಲು ಬಂದು, ಅದೂ ಮುಗಿಯದೆ ಹೋದ ಕಾಲೇಜು.

ಆ ವಾರವೇ ಸಿಂಧನೂರಿನಿಂದ ಮಗಳು ಸುಮಂಗಲಾ ಫೋನ್ ಮಾಡಿ ಗೌರಮ್ಮನ ಹತ್ತಿರ ಅತ್ತಿದ್ದಳು. ಚೈತ್ರಾಗೆ ಹೈದರಾಬಾದಿನಲ್ಲಿ ಗಣಿತದ ಎಂ.ಎಸ್ಸಿ. ಸೀಟು ಸಿಕ್ಕಿದೆ, ಅವಳಪ್ಪ ಕಳಿಸುವುದಿಲ್ಲ ಎನ್ನುತ್ತಿದ್ದಾನೆ. ಕಾರಣ ಕೇಳಿದರೆ ಅಳಿಯ ಶಿವರಾಜನದು ಒಂದೇ ಮಾತು: "ಒಮ್ಮೆ ಕಳಿಸಿದ್ದೆ. ಅಜ್ಜನ ಮನ್ಯಾಗ ಇದ್ದು ಅಜ್ಜಗ ಮೋಸ ಮಾಡಿದಾಕಿ." ಆ ಮೋಸದ ಕಥೆಯನ್ನು ಅವನಿಗೆ ಹೇಳಿದವನು ನಾನು. ಹೇಳಿದ್ದು ಅರ್ಧ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ತೆಲಂಗಾಣದಲ್ಲಿ ಹತ್ತನೇ ತರಗತಿ ಮುಗಿದ ಕೂಡಲೇ ಮಕ್ಕಳು ಕಾಲೇಜಿನವರಾಗಿಬಿಡುತ್ತಾರೆ. ಇಂಟರ್ ಎನ್ನುತ್ತಾರೆ. ಚೈತ್ರಾ ಸಿಂಧನೂರಿನ ಕನ್ನಡ ಶಾಲೆಯಲ್ಲಿ ಮೊದಲಿಗಳಾಗಿ ಪಾಸಾದಾಗ, ಇಲ್ಲಿಯೇ ಓದಿಸೋಣ, ನಾನಿದ್ದೇನೆ ಎಂದು ಹಟ ಹಿಡಿದವನು ನಾನೇ. ಆಗ ಸರ್ಕಾರಿ ಕಾರ್ಖಾನೆಯ ಪ್ರೆಸ್ ವಿಭಾಗದಿಂದ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದೆ. ತಗಡನ್ನು ಒತ್ತಿ ಅಚ್ಚಿಗೆ ಬಡಿಯುವ ಯಂತ್ರಗಳ ನಡುವೆ ಜೀವನ ಕಳೆದವನಿಗೆ ಮನೆಯ ನಿಶ್ಶಬ್ದ ಸಹಿಸಲಾಗುತ್ತಿರಲಿಲ್ಲ. ಮಾಡಲು ಕೆಲಸ ಬೇಕಿತ್ತು. ಮೊಮ್ಮಗಳ ಓದು ಸಿಕ್ಕಿತು.

ಆರು ವರ್ಷದ ಹಿಂದೆ, ಜೂನ್‌ನಲ್ಲಿ ಬಂದಳು. ಎರಡು ಜಡೆ ಹೋಗಿ ಒಂದು ಜಡೆಯಾಗಿತ್ತು, ಅಷ್ಟೇ. ಉಳಿದಂತೆ ಶಾಲೆಯ ಹುಡುಗಿಯೇ. ಮೊದಲ ದಿನ ಪ್ರಾರ್ಥನೆ ಇರುತ್ತದೆಂದು ಬೇಗ ಹೋಗಿ, ಬೀಗ ಹಾಕಿದ್ದ ಗೇಟಿನ ಮುಂದೆ ನಿಂತಿದ್ದಳು. ಪ್ರಾರ್ಥನೆಯೂ ಇಲ್ಲ, ಆಟದ ಬಯಲೂ ಇಲ್ಲ. ಬಟ್ಟೆ ಅಂಗಡಿಯ ಮೇಲಿನ ಮೂರು ಮಹಡಿಗಳೇ ಕಾಲೇಜು. ಒಂದೊಂದು ಕೋಣೆಯಲ್ಲಿ ಒಂದು ಊರಿನಷ್ಟು ಮಕ್ಕಳು. ಮಾಸ್ತರರು ಬಂದು, ಬೋರ್ಡು ತುಂಬಿಸಿ, ಅಳಿಸಿ, ಮತ್ತೆ ತುಂಬಿಸಿ ಹೋಗುತ್ತಿದ್ದರಂತೆ. ಹೆಸರು ಕೇಳುವವರಿಲ್ಲ. ಶಾಲೆಯಲ್ಲಿ ಎಲ್ಲ ಮಾಸ್ತರರ ಬಾಯಲ್ಲಿದ್ದ ಹುಡುಗಿ ಇಲ್ಲಿ ಹಿಂದಿನ ಬೆಂಚಿನ ಒಂದು ನಂಬರಾದಳು.

"ಅಜ್ಜಾ, ಎಲ್ಲಾ ಗೊತ್ತಿದ್ದುದ ಐತಿ," ಎಂದಳು ಒಂದು ಸಂಜೆ, ಊಟದ ತಟ್ಟೆಯ ಮುಂದೆ. "ವೇಗೋತ್ಕರ್ಷ ಅಂತ ಕಲ್ತಿದ್ದೆ. ಇಲ್ಲಿ ಅದಕ್ಕ ಆಕ್ಸಲರೇಷನ್ ಅಂತಾರ. ಅದು ಇದೇ ಅಂತ ತಿಳಿಯೋದ್ರಾಗ ಸರ್ ಮುಂದಿನ ಪಾಠಕ್ಕ ಹೋಗಿರ್ತಾರ."

"ಬಾಯಿಪಾಠ ಮಾಡು," ಎಂದೆ.

"ಯಾವುದನ್ನ?"

"ಎಲ್ಲಾನೂ."

ಇದು ನನ್ನ ಪಾಂಡಿತ್ಯ. ನಾನೂ ಹತ್ತನೇ ತರಗತಿಯವರೆಗೆ ಓದಿದವನು. ನನ್ನ ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಮಗ ಓದುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲು ಅವರಿಗಿದ್ದ ದಾರಿ ಕಿವಿಯೊಂದೇ. ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂಡುತ್ತಿದ್ದರು, ನಾನು ಒಳಗೆ ಒದರುತ್ತಿದ್ದೆ. ದನಿ ನಿಂತರೆ "ಯಾಕಲೇ?" ಎನ್ನುತ್ತಿದ್ದರು. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಹಾಗೇ. ಸಂಜೆಯಾದರೆ ಓಣಿಗೆ ಓಣಿಯೇ ಓದುತ್ತಿತ್ತು. ಓದು ಎಂದರೆ ಹೊರಗಿನವರಿಗೆ ಕೇಳಿಸುವ ಸದ್ದು ಎಂದೇ ನಾನು ತಿಳಿದಿದ್ದೆ. ಸದ್ದಿಲ್ಲದ ಓದು ಉಂಟು ಎಂದು ನನಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ನಂಬುತ್ತಿರಲಿಲ್ಲ.

ಹಾಗಾಗಿ ಕಾನೂನು ಮಾಡಿದೆ. ಸಂಜೆ ಚಹಾ ಕುಡಿದ ಮೇಲೆ ಊಟದವರೆಗೆ ಚೈತ್ರಾ ಒಳಗಿನ ಕೋಣೆಯಲ್ಲಿ ಜೋರಾಗಿ ಓದಬೇಕು. ನಾನು ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು ಕೇಳುತ್ತೇನೆ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ, ಅರ್ಥವಾಗುವ ಮಾತು ದೂರ. ಆದರೂ ಪರೀಕ್ಷಕನ ಹಾಗೆ ಕಣ್ಣು ಮುಚ್ಚಿ ಕೂಡುತ್ತಿದ್ದೆ.

"ಅಜ್ಜಾ, ಪಾಠ ಓದಬಹುದು. ಲೆಕ್ಕ ಹ್ಯಾಂಗ ಜೋರಾಗಿ ಓದ್ಲಿ?"

"ಅಂಕಿಗೆ ಹೆಸರಿಲ್ಲೇನು? ಹೆಸರು ಹಿಡಿದು ಓದು."

ಆ ಮಳೆಗಾಲದುದ್ದಕ್ಕೂ ನಮ್ಮ ಮನೆಯಲ್ಲಿ "ವಿ ಸ್ಕ್ವೇರ್ ಈಕ್ವಲ್ ಟು ಯು ಸ್ಕ್ವೇರ್ ಪ್ಲಸ್ ಟೂ ಎ ಎಸ್" ಎನ್ನುವುದು ರುದ್ರ ಹೇಳಿದ ಹಾಗೆ ಮೊಳಗಿತು. ಹಿತ್ತಲಿನ ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ನನಗೆ ಅವಳ ದನಿ ಮುಟ್ಟುತ್ತಿರಲಿಲ್ಲ. "ಏನು ಬಾಯಾಗ ಬೆಲ್ಲ ಇಟ್ಕೊಂಡೀ? ಜೋರು!" ಎಂದು ಕೂಗುತ್ತಿದ್ದೆ. ಮಳೆ ಇಲ್ಲದ ದಿನವೂ ಕೂಗುತ್ತಿದ್ದೆ. ಹುಡುಗಿಯ ಗಂಟಲು ಒಡೆಯಿತು. ಗೌರಮ್ಮ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತ ನನ್ನ ಕಡೆ ಒಂದು ನೋಟ ನೋಡುತ್ತಿದ್ದಳು. "ಇನ್ನೂ ಎಷ್ಟು ಜೋರು ಓದಬೇಕ್ರಿ ಅದು? ಮೇಲಿನ ಮನಿ ಸರೋಜಮ್ಮ ಬಂದು ಕೇಳಿ ಹೋದ್ರು."

"ಏನು ಕೇಳಿದ್ರು?"

"ಹುಡುಗಿಗೆ ಏನರ ಆಗೈತೇನು ಅಂತ."

"ಓದೋ ಮಕ್ಕಳನ್ನ ನೋಡಿಲ್ಲ ಅವ್ರು," ಎಂದೆ.

ದಸರೆಗೆ ಮುಂಚಿನ ಪರೀಕ್ಷೆಯಲ್ಲಿ ಚೈತ್ರಾ ಫಿಸಿಕ್ಸ್ ಮತ್ತು ಗಣಿತ ಎರಡರಲ್ಲೂ ಫೇಲಾದಳು. ಗಣಿತದಲ್ಲಿ ಅವಳು ಫೇಲಾಗಿದ್ದು ಜೀವನದಲ್ಲಿ ಅದೇ ಮೊದಲು. ನಾನು ಕೊಡೆ ಹಿಡಿದು ನೇರವಾಗಿ ಕಾಲೇಜಿಗೆ ಹೋದೆ. ಫಿಸಿಕ್ಸ್ ಮಾಸ್ತರ ಮೂವತ್ತರ ಹುಡುಗ, ಮುಖದ ತುಂಬ ಚಾಕ್‌ಪೀಸಿನ ಹುಡಿ, ಇನ್ನೊಂದು ಕ್ಲಾಸಿಗೆ ಓಡುವ ಆತುರ. ಮೆಟ್ಟಿಲ ಮೇಲೆಯೇ ಅಡ್ಡ ಹಾಕಿ, ನನ್ನ ಮುರುಕು ತೆಲುಗಿನಲ್ಲಿ ಅಹವಾಲು ಹೇಳಿದೆ: ದಿನಾ ಬೆಳಿಗ್ಗೆ ನಮ್ಮ ಹುಡುಗಿಯನ್ನು ಎದ್ದು ನಿಲ್ಲಿಸಿ ಹಿಂದಿನ ದಿನದ ಪಾಠ ಒಪ್ಪಿಸಿಕೊಳ್ಳಬೇಕು, ತಪ್ಪಿದರೆ ಎರಡು ಏಟು ಹಾಕಬೇಕು, ನನ್ನ ಅಭ್ಯಂತರವಿಲ್ಲ.

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ತಾತಗಾರು, ಇದು ಸ್ಕೂಲಲ್ಲ," ಎಂದು ತೆಲುಗಿನಲ್ಲೇ ಹೇಳಿದ. "ಅವಳಿಗೆ ಪಾಠ ಬಾಯಿಗೆ ಬರುತ್ತೆ. ಲೆಕ್ಕ ಕೊಟ್ಟರೆ ಬರಲ್ಲ. ಸ್ವಲ್ಪ ಸುಮ್ಮನೆ ಕೂತು ಯೋಚನೆ ಮಾಡೋಕೆ ಬಿಡಿ." ಇಷ್ಟು ಹೇಳಿ ಓಡಿದ.

ಸುಮ್ಮನೆ ಕೂತು. ಎಂಥ ಸೋಮಾರಿ ಮಾಸ್ತರ ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದು, ಬೆಳಗಿನ ಹೊತ್ತಿಗೂ ಜೋರು ಓದನ್ನು ವಿಸ್ತರಿಸಿದೆ. ಅವತ್ತೇ ಚೈತ್ರಾ ಕೇಳಿದ್ದಳು, ಗೆಳತಿಯೊಬ್ಬಳು ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದಾಳೆ, ನಾನೂ ಅಲ್ಲಿಗೆ ಹೋಗಲೇ ಎಂದು. "ಸ್ವಂತ ಅಜ್ಜನ ಮನಿ ಇರೋವಾಗ ಹಾಸ್ಟೆಲ್ ಅನ್ನ ತಿಂತೀಯೇನು?" ಎಂದು ನಾನು ತಟ್ಟೆ ಬಿಟ್ಟು ಎದ್ದೆ. ಮತ್ತೆ ಆ ಮಾತು ಅವಳು ಎತ್ತಲಿಲ್ಲ.

ದಸರಾ ರಜೆ ಮುಗಿಸಿಕೊಂಡು ಬಂದವಳು ಬೇರೆಯೇ ಹುಡುಗಿಯಾಗಿದ್ದಳು. ಓದು ಎಂದರೆ ಓದು. ತಡೆಯಿಲ್ಲ, ಕೆಮ್ಮಿಲ್ಲ, "ಅಜ್ಜಾ ನೀರು" ಇಲ್ಲ. ದನಿ ಗಂಟೆಯ ಹಾಗೆ ನನ್ನ ಕುರ್ಚಿಯವರೆಗೆ ಬರುತ್ತಿತ್ತು. ನಾನು ಗೌರಮ್ಮನಿಗೆ ಹುಬ್ಬು ಹಾರಿಸಿ ತೋರಿಸುತ್ತಿದ್ದೆ. ಅವಳು ಸೊಪ್ಪು ಬಿಡಿಸುತ್ತ ತಲೆ ಎತ್ತುತ್ತಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಚೈತ್ರಾ ಎಲ್ಲದರಲ್ಲೂ ಪಾಸಾಗಿ ಗಣಿತದಲ್ಲಿ ಕ್ಲಾಸಿಗೇ ಮೂರನೆಯವಳಾದಳು. ನಾನು ಶಿವರಾಜನಿಗೆ ಫೋನ್ ಮಾಡಿ, "ಮಾಸ್ತರನ್ನ ನಂಬಬಾರದ್ರಿ ಅಳಿಯಂದ್ರ, ಕಿವಿ ಮುಂದ ಓದಿಸ್ಬೇಕು" ಎಂದು ಉಪನ್ಯಾಸ ಕೊಟ್ಟೆ. ಊರಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಶಿವರಾಜ ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದನಂತೆ.

ಸಂಕ್ರಾಂತಿ ಕಳೆದ ವಾರದ ಒಂದು ಸಂಜೆ. ನಾನು ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಒಳಗೆ ಓದು ನಡೆದಿದೆ. ಇದ್ದಕ್ಕಿದ್ದಂತೆ ಒಳಗಿನಿಂದ ಒಬ್ಬ ಮುದುಕ ಅರಚಿದ: "ಏನು ಬಾಯಾಗ ಬೆಲ್ಲ ಇಟ್ಕೊಂಡೀ? ಜೋರು! ನಿಮ್ಮಪ್ಪ ಕಳಿಸಿದ್ದು ಸುಮ್ಮ ಕೂಡಾಕಲ್ಲ!"

ಯಾವನೋ ನನ್ನ ಮನೆಯೊಳಗೆ ಹೊಕ್ಕು ನನ್ನ ಮೊಮ್ಮಗಳನ್ನು ಬೈಯುತ್ತಿದ್ದಾನೆ. ಒರಟು, ಕರ್ಕಶ ದನಿ, ಮನುಷ್ಯರ ಹತ್ತಿರ ಮಾತಾಡಿ ಗೊತ್ತಿಲ್ಲದವನ ದನಿ. ಅವನ ಕೊರಳಪಟ್ಟಿ ಹಿಡಿಯಲೆಂದೇ ನಾನು ಎದ್ದೆ. ಬಾಗಿಲು ದೂಡಿದೆ.

ಒಳಗೆ ಯಾವ ಮುದುಕನೂ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಗೌರಮ್ಮನ ಸ್ಟೀಲಿನ ಡಬರಿ, ಡಬರಿಯೊಳಗೆ ಚೈತ್ರಾಳ ಫೋನು. ಫೋನು ಚೈತ್ರಾಳ ದನಿಯಲ್ಲಿ ಓದುತ್ತಿತ್ತು. ಸದ್ದು ದೊಡ್ಡದಾಗಲಿ ಎಂದು ಡಬರಿಯಲ್ಲಿ ಇಟ್ಟಿದ್ದಳು. ಚೈತ್ರಾ ಮೂಲೆಯಲ್ಲಿ ಚಾಪೆಯ ಮೇಲೆ ನನಗೆ ಬೆನ್ನು ಮಾಡಿ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಲೆಕ್ಕ ಮಾಡುತ್ತಿದ್ದಳು. ಕೈ ಓಡುತ್ತಿತ್ತು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ನೆಲದ ತುಂಬ ಲೆಕ್ಕಗಳಿದ್ದವು.

ಮಲಗಿದ್ದರೆ, ಸಿನಿಮಾ ನೋಡುತ್ತಿದ್ದರೆ ನನಗೆ ಸುಲಭವಿತ್ತು. ಓದುತ್ತಿದ್ದಳು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಆ ಮಾರ್ಕುಗಳು ನನ್ನ ಕಿವಿಯಿಂದ ಬಂದವಲ್ಲ, ನನ್ನ ಕಿವಿಯನ್ನು ತಪ್ಪಿಸಿ ಬಂದವು.

ಭುಜ ಹಿಡಿದು ಅಲುಗಿಸಿದೆ. ಅವಳು ಹತ್ತಿ ತೆಗೆದಳು. ಬಿಳಿಚಿಕೊಂಡಳು, ಆದರೆ ಸುಳ್ಳು ಹೇಳಲಿಲ್ಲ.

"ದಸರಾದಿಂದ ಹಿಂಗ ಮಾಡಾಕತ್ತೀನಿ ಅಜ್ಜಾ. ನೀ ಪ್ಯಾಟಿಗೆ ಹೋದಾಗ ಓದಿ ಫೋನ್‌ನಾಗ ಹಿಡಿದಿಟ್ಕೋತೀನಿ. ಇವತ್ತಿಂದು ನಿನ್ನೆ ನೀ ಇದ್ದಾಗ ಹಿಡಿದಿದ್ದು, ನೀ ಬೈದಿದ್ದೂ ಅದ್ರಾಗ ಸೇರೈತಿ, ಕೇಳಿ ನೋಡ್ಲಿಲ್ಲ."

"ಯಾಕ ಮಾಡಿದಿ?"

"ನಿನಗ ಕೇಳಬೇಕಂದ್ರ ಒದರಬೇಕು. ನನಗ ತಿಳೀಬೇಕಂದ್ರ ಸುಮ್ಮ ಕೂಡಬೇಕು. ಎರಡೂ ಒಮ್ಮೆ ಆಗವಲ್ದು."

ಇಷ್ಟು ಸರಳವಾದ ಮಾತು ನನಗೆ ಆಗ ಉದ್ಧಟತನವಾಗಿ ಕೇಳಿಸಿತು. ಫೋನು ಕಿತ್ತುಕೊಂಡು, ಅದರಿಂದಲೇ ಅವಳಪ್ಪನನ್ನು ಕರೆದೆ.

ಶಿವರಾಜ ಮರುದಿನ ಬಸ್ಸಿಗೆ ಬಂದ. ನಾನು ಡಬರಿಯನ್ನೂ ಫೋನನ್ನೂ ನಡುಮನೆಯಲ್ಲಿಟ್ಟು, ಕಳ್ಳನ ಮಾಲು ತೋರಿಸುವ ಪೊಲೀಸನ ಹಾಗೆ ತೋರಿಸಿದೆ. ಅವನು ಊರೆಲ್ಲ ಹೊಗಳಿಕೊಂಡು ಬಂದಿದ್ದ ಮಗಳು. ಅವನ ಮುಖ ಇಳಿಯಿತು.

"ಮಾರ್ಕ್ಸ್ ಬಂದಾವಲ್ಲ ಅಪ್ಪಾ," ಎಂದಳು ಚೈತ್ರಾ.

"ಓದೋದ್ರಾಗ ಅಜ್ಜಗ ಮೋಸ ಮಾಡಿದಾಕಿ ಮಾರ್ಕ್ಸ್‌ನಾಗ ಮಾಡಿಲ್ಲ ಅಂತ ಹ್ಯಾಂಗ ನಂಬಲಿ? ಬಟ್ಟಿ ತುಂಬ್ಕೋ, ನಡಿ."

"ಪರೀಕ್ಷೆ ಬರೀತೀನಿ. ಇನ್ನೇನು ಬಂದ ಬಿಟ್ಟೈತಿ. ಬರೆದು ಬರ್ತೀನಿ."

ಶಿವರಾಜ ನನ್ನ ಕಡೆ ತಿರುಗಿ, "ಮಾವಾರ, ನೀವು ಏನಂತೀರಿ?" ಎಂದು ಕೇಳಿದ. ಅವನೇನೂ ಕ್ರೂರಿಯಲ್ಲ. ನಾನು ಇರಲಿ ಬಿಡಿ ಎಂದಿದ್ದರೆ ಬಿಟ್ಟು ಹೋಗುತ್ತಿದ್ದ.

ಇಲ್ಲಿದೆ ನಾನು ಯಾರಿಗೂ ಹೇಳದ ಅರ್ಧ. ನಿವೃತ್ತಿಗೆ ಮುಂಚೆ ಕಾರ್ಖಾನೆಯ ಡಾಕ್ಟರು ಪರೀಕ್ಷೆ ಮಾಡಿ, ನನ್ನ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯೂ ಹೋಗುತ್ತಿದೆ, ಪ್ರೆಸ್ಸಿನ ಸದ್ದು ತಿಂದಿದೆ ಎಂದು ಹೇಳಿದ್ದರು. ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದಿದ್ದರು. ಕಿವುಡ ಎನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಜನ ಕಿವುಡನನ್ನು ಮರುಕದಿಂದಲೂ ನೋಡುವುದಿಲ್ಲ, ನಗುತ್ತಾರೆ. ಹೆಂಡತಿಗೂ ಹೇಳಲಿಲ್ಲ. ಚೈತ್ರಾ ಜೂನ್‌ನಿಂದ ಜೋರಾಗಿಯೇ ಓದುತ್ತಿದ್ದಳು. ಬೆಲ್ಲ ಇದ್ದದ್ದು ಅವಳ ಬಾಯಲ್ಲಲ್ಲ. ಅವಳು ಓಣಿಗೆಲ್ಲ ಕೇಳುವಂತೆ ಅರಚುತ್ತಿದ್ದಾಗ ನಾನೊಬ್ಬನೇ ಕೇಳಿಸದೆ ಕೂತಿದ್ದೆ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರಲು ಎಷ್ಟು ಬೇಕೋ ಅಷ್ಟು ದೂರ ಆ ಸತ್ಯವನ್ನು ಇಟ್ಟಿದ್ದೆ, ಆದರೆ ಗೊತ್ತಿತ್ತು.

"ನನ್ನ ಕಿವಿ ಸರಿ ಇಲ್ರಿ, ಹುಡುಗಿ ತಪ್ಪಿಲ್ಲ." ನಾನು ಆಡಬೇಕಿದ್ದದ್ದು ಇಷ್ಟೇ ಮಾತು. ಚೈತ್ರಾ ನನ್ನ ಮುಖವನ್ನೇ ನೋಡುತ್ತಿದ್ದಳು. ಗೌರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಕರ್ಕೊಂಡು ಹೋಗ್ರಿ," ಎಂದೆ.

ಅವರು ಹೋದ ಸಂಜೆ ಮೇಲಿನ ಸರೋಜಮ್ಮ ಇಳಿದು ಬಂದು, ಅಮ್ಮಾಯಿ ಊರಿಗೆ ಹೋದಳಾ, ಮನೆ ಬಿಕೋ ಎನ್ನುತ್ತಿದೆಯಲ್ಲ ಎಂದು ಗೌರಮ್ಮನನ್ನು ಕೇಳಿದರು. ಗೌರಮ್ಮ ಉತ್ತರ ಕೊಟ್ಟು ಕಳಿಸಿ, ಒಳಗೆ ಬಂದು, ಅಷ್ಟು ದಿನ ನನಗಾಗಿ ಏರಿಸಿ ಇಡುತ್ತಿದ್ದ ಟಿವಿಯ ದನಿಯನ್ನು ಎಲ್ಲರ ಮನೆಯಷ್ಟಕ್ಕೆ ಇಳಿಸಿದಳು. ನಾನು ಬರೀ ಚಿತ್ರ ನೋಡುತ್ತ ಕೂತೆ.

ಚೈತ್ರಾಳ ಒಂದು ವರ್ಷ ಹಾಳಾಯಿತು. ಮುಂದಿನ ಜೂನ್‌ನಲ್ಲಿ ಸಿಂಧನೂರಿನಲ್ಲೇ ಮತ್ತೆ ಮೊದಲಿನಿಂದ ಶುರು ಮಾಡಿದಳು. ಕಾಲೇಜು ಬಿಟ್ಟರೆ ಮನೆ, ಫೋನು ಅಪ್ಪನ ಜೇಬಿನಲ್ಲಿ. ಹಾಗೇ ಬಿ.ಎಸ್ಸಿ. ಮುಗಿಸಿದಳು. ಹಬ್ಬಕ್ಕೆ ಹೋದಾಗ ನನ್ನ ಕಾಲಿಗೆ ಬಿದ್ದು, ಎದುರಿಗೆ ಕೂತು, ನನಗೆ ಕೇಳಿಸುವಂತೆ ಮಾತಾಡುತ್ತಿದ್ದಳು. ಅವಳು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಇದರಿಂದ ನನಗಾದ ಹಿಂಸೆ ಅಷ್ಟಿಷ್ಟಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆನೇನೋ. ನನ್ನ ಸ್ವಭಾವ ಅಂಥದ್ದು.

ಕಿವಿ ಆಸ್ಪತ್ರೆಯಿಂದ ಬಂದ ದಿನ, ದನಿ ಪೂರ್ತಿ ಏರಿಸಿದ ಫೋನನ್ನು ಎಡಗಿವಿಗೆ ಒತ್ತಿಕೊಂಡು, ಸುಮಂಗಲಾಳ ಫೋನಿನಲ್ಲಿ ಅವಳನ್ನು ಕರೆಸಿಕೊಂಡೆ. ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು, ನಾನು ಮುಚ್ಚಿಟ್ಟದ್ದು, ಅವಳಪ್ಪ ಕೇಳಿದಾಗ ಬಾಯಿ ಬಿಡದಿದ್ದದ್ದು. ಆ ಕಡೆ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ನನಗೆ ಕೇಳಿಸುತ್ತಿಲ್ಲವೋ, ಅವಳೇ ಸುಮ್ಮನಿದ್ದಾಳೋ ಎಂದು ಒದ್ದಾಡಿದೆ.

"ಗೊತ್ತಿತ್ತು ಅಜ್ಜಾ," ಎಂದಳು ಕೊನೆಗೆ. "ದಸರಾಕ್ಕ ಹೋಗೋ ಮುಂದ ಅಜ್ಜಿ ಹೇಳಿದ್ಲು, ಅಜ್ಜಗ ಕಿವಿ ಕೇಳವಲ್ದು, ಯಾರ ಮುಂದೂ ಅನಬ್ಯಾಡ ಅಂತ. ಡಬರಿ ಕೊಟ್ಟಾಕಿನೂ ಆಕಿನ."

"ಮತ್ತ ಅವತ್ತು ನಿಮ್ಮಪ್ಪನ ಮುಂದ ಯಾಕ ಹೇಳ್ಲಿಲ್ಲ?"

"ನೀ ಹೇಳ್ತಿ ಅಂತ ತಿಳ್ಕೊಂಡಿದ್ದೆ."

ಅವಳೇ ಮುಂದುವರಿಸಿದಳು. ದನಿಯಲ್ಲಿ ಅಳು ಇರಲಿಲ್ಲ, ಕೆಲಸ ಹೇಳುವವರ ದನಿ ಇತ್ತು. "ನನಗ ಹೇಳಿ ಏನು ಉಪಯೋಗ? ಸೀಟು ಇನ್ನೊಂದು ವಾರ ಇರ್ತೈತಿ. ಅಪ್ಪಗ ಹೇಳು. ಫೋನ್‌ನಾಗ ಅಲ್ಲ, ಎದುರಿಗೆ ಬಂದು ಹೇಳು."

ಮರುದಿನವೇ ಸಿಂಧನೂರು ಬಸ್ಸು ಹತ್ತಿದೆ. ಗೌರಮ್ಮನೂ ಬರುತ್ತೇನೆಂದಳು, ಬೇಡ ಎಂದೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ಮನಸ್ಸಿನಲ್ಲೇ ಹತ್ತು ತರಹ ಹೇಳಿಕೊಂಡೆ. ಅಂಗಡಿಯಲ್ಲಿ ಬಿತ್ತನೆ ಕಾಲದ ಗದ್ದಲ. ಭತ್ತದ ಬೀಜಕ್ಕೆ ಬಂದವರು ಕೌಂಟರಿನ ಮುಂದೆ ಗುಂಪಾಗಿದ್ದರು. ಶಿವರಾಜ ನನ್ನನ್ನು ಕಂಡು ಗಾಬರಿಯಾಗಿ ಎದ್ದ. "ಏನ್ ಮಾವಾರ, ಹೇಳದ ಕೇಳದ? ಮನಿಗೆ ನಡೀರಿ, ಚಹಾ ಕುಡಿಯೂಣು."

"ಮನಿಗೆ ಆಮ್ಯಾಲೆ," ಎಂದು ನಿಂತಲ್ಲೇ ಹೇಳಿದೆ. ನನ್ನ ದನಿ ಎಷ್ಟಿತ್ತೋ ನನಗೆ ತಿಳಿಯದು. ಬೀಜದ ಪ್ಯಾಕೆಟು ತಿರುಗಿಸಿ ನೋಡುತ್ತಿದ್ದವರೆಲ್ಲ ಅವನ್ನು ಬಿಟ್ಟು ನನ್ನನ್ನು ನೋಡತೊಡಗಿದರು. ಆ ವರ್ಷ ಹುಡುಗಿ ಮೋಸ ಮಾಡಲಿಲ್ಲ. ಕಿವುಡನಾಗಿದ್ದವನು ನಾನು. ಕಿವುಡ ಎನ್ನಿಸಿಕೊಳ್ಳಲಾರದೆ ಅವಳನ್ನು ಕಳ್ಳಿ ಮಾಡಿದೆ. ಅವಳು ಕದ್ದದ್ದು ಓದಲು ಒಂದಿಷ್ಟು ನಿಶ್ಶಬ್ದವನ್ನು ಮಾತ್ರ. ಇಷ್ಟನ್ನು ನಿಲ್ಲಿಸದೆ ಹೇಳಿ ಮುಗಿಸಿದೆ. ಮೂಲೆಯಲ್ಲಿದ್ದ ಯಾರೋ ಒಬ್ಬರು ನಕ್ಕಂತೆ ಕಂಡಿತು. ನಗಲಿ ಬಿಡಿ.

ಶಿವರಾಜ ಹಣದ ಗಲ್ಲಾ ಮುಚ್ಚಿದ. ಆಮೇಲೆ ಹತ್ತಿರ ಬಂದು, ನನ್ನ ಎಡಗಿವಿಯ ಕಡೆ ಬಗ್ಗಿ ಹೇಳಿದ. "ಇದನ್ನ ಮೊದಲು ಆಕಿಗೆ ಹೇಳಬೇಕಿತ್ರಿ ಮಾವಾರ."

"ಆಕಿನ ಕಳಿಸ್ಯಾಳ," ಎಂದೆ.

ಅವನು ಕುರ್ಚಿ ಎಳೆದು ನನ್ನನ್ನು ಕೂರಿಸಿದ. ಗಿರಾಕಿಗಳಿಗೆ ಕಾಯಲು ಹೇಳಿದ. ನೀರು ಕೊಟ್ಟ. ನಾನು ಕುಡಿದ ಮೇಲೆ, ಬೇರೆ ಕಡೆ ನೋಡುತ್ತ, ನನಗೆ ಕೇಳುವಂತೆ ಜೋರಾಗಿ ಕೇಳಿದ:

"ಈ ಸಲ ಹೋದ್ರ ನಿಮ್ಮ ಮನ್ಯಾಗ ಇರ್ತಾಳೇನ್ರಿ?"

ಗೌರಮ್ಮ ಒಳಗಿನ ಕೋಣೆಯನ್ನು ಆಗಲೇ ಗುಡಿಸಿ ಒರೆಸಿ ಇಟ್ಟಿದ್ದಳು. ಹೂಂ ಎನ್ನುವ ಆಸೆ ಬಾಯಿಯವರೆಗೆ ಬಂದಿತ್ತು.

"ಬ್ಯಾಡ್ರಿ," ಎಂದೆ. "ಹಾಸ್ಟೆಲ್‌ನಾಗ ಇರ್ಲಿ. ಆಕಿಗೆ ಮನಸ್ಸಾದಾಗ ಊಟಕ್ಕ ಬರ್ಲಿ."